ಪ್ರತಿಕ್ರಿಯೆ: ಫ್ಲೈವೀಲ್ ಇದ್ದರೆ ಕರೆಂಟ್ ಇಲ್ಲದೆ ಪಂಪ್ ಓಡುತ್ತಾ?

ಸರ್, ಕರೆಂಟ್ ಇಲ್ಲದೆ ಪಂಪ್ ಓಡಿಸೋ ಫ್ಲೈವೀಲ್ ಯಂತ್ರ ಅಂತ ಮಾರೋಕೆ ಬಂದವರಿಗೆ ಮುಂಗಡ ಕೊಡಬೇಡಿ. ಇಂಡಿ ಹತ್ತಿರದ ನಿಮ್ಮ ನಿಂಬೆ ತೋಟಕ್ಕೆ ಅವರು ಹಾಕ್ತೀವಿ ಅಂದಿದ್ದು ಮೋಟರ್, ಭಾರದ ಗಾಲಿ (ಅದೇ ಫ್ಲೈವೀಲ್), ಆಲ್ಟರ್ನೇಟರ್ (ತಿರುಗಿಸಿದರೆ ಕರೆಂಟ್ ಕೊಡೋ ಯಂತ್ರ). ಒಮ್ಮೆ ಚಾಲೂ ಮಾಡಿದರೆ ಆಲ್ಟರ್ನೇಟರ್ ಕರೆಂಟೇ ಮೋಟರನ್ನು ಓಡಿಸುತ್ತೆ, ಮಿಕ್ಕಿದ್ದು 5 ಎಚ್‌ಪಿ ಪಂಪಿಗೆ ಅಂತ ತಾನೇ ಅವರ ಮಾತು?

ಗಾಲಿ ಶಕ್ತಿ ಹುಟ್ಟಿಸಲ್ಲ, ಕೊಟ್ಟಿದ್ದನ್ನು ಕೂಡಿಡುತ್ತೆ ಅಷ್ಟೆ. ಲೆಕ್ಕ ನೋಡಿ. 50 ಕಿಲೋ ತೂಕದ, 60 ಸೆಂ.ಮೀ. ವ್ಯಾಸದ ಗಟ್ಟಿ ಗಾಲಿ ನಿಮಿಷಕ್ಕೆ 1,500 ಸುತ್ತು ತಿರುಗುವಾಗ ಅದರಲ್ಲಿ ಇರೋದು ಸುಮಾರು 28,000 ಜೂಲ್ (ಜೂಲ್ ಅಂದ್ರೆ ಶಕ್ತಿಯ ಅಳತೆ). 5 ಎಚ್‌ಪಿ ಅಂದ್ರೆ ಸೆಕೆಂಡಿಗೆ 3,730 ಜೂಲ್. ಏಳೂವರೆ ಸೆಕೆಂಡಿಗೆ ಗಾಲಿ ಖಾಲಿ! ಇನ್ನು ಮೋಟರ್, ಆಲ್ಟರ್ನೇಟರ್ ಎರಡೂ ತಲಾ 85% ದಕ್ಷ ಅಂದುಕೊಂಡರೂ, 100 ಹೋದರೆ ವಾಪಸ್ ಬರೋದು 72. ಉಳಿದದ್ದು ಬಿಸಿಯಾಗಿ ಹೋಗುತ್ತೆ, ಮೋಟರ್ ಮುಟ್ಟಿ ನೋಡಿದರೆ ಗೊತ್ತಾಗುತ್ತಲ್ವಾ. ಮೋಟರಿಗೇ ಸಾಲದ ಮೇಲೆ ಪಂಪಿಗೆ ಎಲ್ಲಿಂದ?

ಅವರು ತೋರಿಸಿದ ವಿಡಿಯೋದಲ್ಲಿ ಉರಿದದ್ದು ಎಲ್‌ಇಡಿ ಬಲ್ಬು. ಅದಕ್ಕೆ 9 ವ್ಯಾಟ್ ಸಾಕು, ಸುಮ್ನೆ ತಿರುಗೋ ಗಾಲಿಯೂ ಸ್ವಲ್ಪ ಹೊತ್ತು ಉರಿಸುತ್ತೆ.

ಈ ಆಸೆ ಹೊಸದಲ್ಲ ಬಿಡಿ. 1150ರಲ್ಲೇ ಭಾಸ್ಕರಾಚಾರ್ಯರು ‘ಸಿದ್ಧಾಂತ ಶಿರೋಮಣಿ’ಯಲ್ಲಿ ಪಾದರಸ ತುಂಬಿದ, ತಾನಾಗೇ ತಿರುಗೋ ಚಕ್ರದ ಬಗ್ಗೆ ಬರೆದಿದ್ದಾರೆ.

ಅವರು ಜಾಸ್ತಿ ಒತ್ತಾಯ ಮಾಡಿದರೆ, ಯಂತ್ರವನ್ನು ನಿಮ್ಮ ತೋಟಕ್ಕೆ ತಂದು, ಬ್ಯಾಟರಿ, ಹೊರಗಿನಿಂದ ಕರೆಂಟ್ ತರೋ ವೈರ್ ಏನೂ ಇಲ್ಲದೆ ಒಂದು ತಾಸು ನೀರು ಎತ್ತಿ ತೋರಿಸಿ ಅನ್ನಿ.