ಮಗಳು ಬರೆದ ನೋಟ್ಸ್, ಡಾಕ್ಟರ ಬಿಲ್

ಪ್ರಶ್ನೆ: ನನ್ನ ಮಗಳು ಅಮೆರಿಕದಲ್ಲಿ ಮೂರನೇ ವರ್ಷದ ಮೆಡಿಕಲ್ ಓದುತ್ತಿದ್ದಾಳೆ. ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಿ ಕಂಪ್ಯೂಟರಿನಲ್ಲಿ ಉದ್ದುದ್ದ ನೋಟ್ಸ್ ಬರೆಯುತ್ತಾಳೆ. ದೊಡ್ಡ ಡಾಕ್ಟರು ಅದಕ್ಕೇ ಸಹಿ ಹಾಕಿ ತಮ್ಮ ಹೆಸರಲ್ಲಿ ಬಿಲ್ ಮಾಡುತ್ತಾರಂತೆ. ಇದು ಸರೀನಾ? ನಾಳೆ ಅವಳಿಗೇನಾದರೂ ತೊಂದರೆ ಬಂದರೆ?
– ಒಬ್ಬ ತಾಯಿ, ಮೈಸೂರು

ಉತ್ತರ: ಸಹಿ ಹಾಕಿದ್ದರಲ್ಲಿ ತಪ್ಪಿಲ್ಲಮ್ಮ. ಆದರೆ ಸಹಿಗೆ ಮೊದಲು ಆ ಡಾಕ್ಟರು ರೋಗಿಯನ್ನು ತಾವೇ ನೋಡಿರಬೇಕು.

ಅಲ್ಲಿ ವಯಸ್ಸಾದವರ ಚಿಕಿತ್ಸೆಗೆ ಸರ್ಕಾರ ಹಣ ಕೊಡುವ ಮೆಡಿಕೇರ್ ಇದೆಯಲ್ಲ, ಅದು ವಿದ್ಯಾರ್ಥಿಯ ಕೆಲಸಕ್ಕೆ ದುಡ್ಡು ಕೊಡುವುದಿಲ್ಲ. ಮುಂಚೆ ವಿದ್ಯಾರ್ಥಿ ಬರೆದದ್ದರಲ್ಲಿ ಹಳೇ ಕಾಯಿಲೆ, ಮನೆಯವರ ಕಾಯಿಲೆ, ಬೇರೆ ಏನು ತೊಂದರೆ ಅಂತ ಕೇಳಿ ಬರೆದ ಭಾಗ, ಇಷ್ಟನ್ನೇ ಬಿಲ್ಲಿಗೆ ಒಪ್ಪುತ್ತಿದ್ದರು. ಉಳಿದದ್ದನ್ನೆಲ್ಲ ಡಾಕ್ಟರು ಮತ್ತೆ ಟೈಪ್ ಮಾಡಬೇಕಿತ್ತು. ಸುಮ್ನೆ ಎರಡೆರಡು ಕೆಲಸ. 2018ರಲ್ಲಿ ನಿಯಮ ಬದಲಾಯಿತು: ವಿದ್ಯಾರ್ಥಿಯ ನೋಟ್ಸನ್ನು ಪರಿಶೀಲಿಸಿ ಸಹಿ ಮಾಡಿದರೆ ಸಾಕು, ಮತ್ತೆ ಬರೆಯಬೇಕಿಲ್ಲ. ನನಗಂತೂ ಇದು ಒಳ್ಳೆಯ ಬದಲಾವಣೆ ಅನ್ನಿಸುತ್ತದೆ, ಯಾಕೆಂದರೆ ತಾನು ಬರೆದದ್ದು ರೋಗಿಯ ದಾಖಲೆಯಲ್ಲೇ ಉಳಿಯುತ್ತದೆ ಅಂತ ಗೊತ್ತಿದ್ದರೆ ವಿದ್ಯಾರ್ಥಿ ಜಾಸ್ತಿ ಗಮನ ಕೊಟ್ಟು ಬರೆಯುತ್ತಾಳೆ, ಅಲ್ವಾ?

ಆದರೆ ಬರವಣಿಗೆಗೆ ಮಾತ್ರ ರಿಯಾಯಿತಿ, ರೋಗಿಯನ್ನು ಪರೀಕ್ಷಿಸುವುದಕ್ಕೆ ಇಲ್ಲ. ಮಗಳು ‘ಬಲಗಡೆ ಶ್ವಾಸಕೋಶದ ಕೆಳಭಾಗದಲ್ಲಿ ಕರಕರ ಸದ್ದು’ ಅಂತ ಬರೆದಿದ್ದಾಳೆ ಅನ್ನಿ. ಡಾಕ್ಟರು ತಾವೇ ರೋಗಿಯ ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಕೇಳಬೇಕು. ಅದು ನ್ಯುಮೋನಿಯಾನಾ, ಹೃದಯ ಸೋತು ನೀರು ತುಂಬಿದ್ದಾ, ಯಾವ ಔಷಧಿ ಕೊಡಬೇಕು ಅನ್ನುವುದನ್ನು ತಾವೇ ತೀರ್ಮಾನಿಸಬೇಕು. ಬಿಲ್ಲಿಗೆ ಸೇರುವ ಪರೀಕ್ಷೆಯನ್ನು ಮಗಳು ಮಾಡುವಾಗ ಆ ಡಾಕ್ಟರೋ ರೆಸಿಡೆಂಟೋ (ಮೆಡಿಕಲ್ ಓದು ಮುಗಿಸಿ ಆಸ್ಪತ್ರೆಯಲ್ಲಿ ತರಬೇತಿ ಪಡೆಯುತ್ತಿರುವ ಡಾಕ್ಟರು) ಎದುರಿಗೇ ಇರಬೇಕು. ರೋಗಿಯ ಮುಖವನ್ನೇ ನೋಡದೆ ಸಂಜೆ ಕೂತು ಸಾಲಾಗಿ ಸಹಿ ಒತ್ತಿ ಬಿಲ್ ಕಳಿಸಿದರೆ ಅದು ಸುಳ್ಳು ಬಿಲ್. ಹಾಗೆ ಗೊತ್ತಿದ್ದೂ ಕಳಿಸುವವರನ್ನು ಹಿಡಿಯಲು ಅಲ್ಲಿ ಬಿಗಿಯಾದ ಕಾನೂನೇ ಇದೆ.

ಬಿಲ್ಲಿನ ಹೊಣೆ ಸಹಿ ಹಾಕಿದವರದು. ಮಗಳ ಹೊಣೆ ತಾನು ಬರೆದದ್ದು ನಿಜವಾಗಿರಬೇಕು ಅನ್ನುವುದು. ತನ್ನ ಲಾಗಿನ್ನಿನಲ್ಲೇ ಬರೆಯಲಿ, ಡಾಕ್ಟರ ಲಾಗಿನ್ ಕೊಟ್ಟರೂ ಬೇಡ ಅನ್ನಲಿ. ನಿನ್ನೆಯ ನೋಟ್ಸನ್ನು ಇವತ್ತಿಗೆ ಕಾಪಿ ಮಾಡಿ ಅಂಟಿಸುವುದು ಬೇಡ. ಮುಟ್ಟಿ ನೋಡದ ಹೊಟ್ಟೆಗೆ ‘ಮೆತ್ತಗಿದೆ, ನೋವಿಲ್ಲ’ ಅಂತ ಬರೆಯುವುದಂತೂ ಬೇಡವೇ ಬೇಡ, ಅದರಿಂದ ರೋಗಿಯ ಜೀವಕ್ಕೇ ಅಪಾಯ.

ಖಾಸಗಿ ವಿಮೆ ಕಂಪನಿಗಳ ನಿಯಮ ಬೇರೆ ಇರಬಹುದು, ಒಂದೊಂದು ಆಸ್ಪತ್ರೆ ಇದಕ್ಕಿಂತ ಬಿಗಿಯಾದ ನಿಯಮ ಇಟ್ಟುಕೊಂಡಿರಬಹುದು. ಅನುಮಾನ ಬಂದರೆ ಕಾಲೇಜಿನಲ್ಲಿ ಕ್ಲಿನಿಕಲ್ ತರಬೇತಿ ನೋಡಿಕೊಳ್ಳುವವರನ್ನು ಮಗಳು ಕೇಳಲಿ. ಹಾಗೆ ಕೇಳುವುದು ಚಾಡಿ ಹೇಳಿದಂತಲ್ಲ.