ಅನ್‌ಮೌಂಟ್ ವೇಳೆ ಕುಸಿಯುವ ಕರ್ನಲ್: ನಲ್ ಪರೀಕ್ಷೆ ಸಾಕೇ?

ಪ್ರಶ್ನೆ: ನಮ್ಮ ತಂಡವು ಲಿನಕ್ಸ್‌ನ ಒಂದು ಫೈಲ್ ಸಿಸ್ಟಂ ಮಾಡ್ಯೂಲನ್ನು ನೋಡಿಕೊಳ್ಳುತ್ತಿದೆ. ಅನ್‌ಮೌಂಟ್ ಮಾಡುವಾಗ, ಅಂದರೆ ಫೈಲ್ ಸಿಸ್ಟಂ ಅನ್ನು ಬಳಕೆಯಿಂದ ಕಳಚುವಾಗ, ಅಪರೂಪಕ್ಕೊಮ್ಮೆ ಕರ್ನಲ್ (ಕಾರ್ಯಾಚರಣಾ ವ್ಯವಸ್ಥೆಯ ತಿರುಳು) ಕುಸಿಯುತ್ತದೆ. ವರ್ಕ್‌ಕ್ಯೂಗೆ (ನಂತರ ಮಾಡಬೇಕಾದ ಕೆಲಸಗಳ ಸರದಿಗೆ) ಹಾಕಿದ ಹಿನ್ನೆಲೆ ಕೆಲಸವೊಂದು, ಮೆಮೊರಿಯಿಂದ ಆಗಲೇ ಬಿಡುಗಡೆಯಾದ ಸೂಪರ್‌ಬ್ಲಾಕ್ ಮಾಹಿತಿಯನ್ನು (ಮೌಂಟ್ ಆದ ಇಡೀ ಫೈಲ್ ಸಿಸ್ಟಂನ ವಿವರ) ಮುಟ್ಟುತ್ತಿರುವುದೇ ಕಾರಣವೆಂದು ತಿಳಿದಿದೆ. ಸಹೋದ್ಯೋಗಿಯೊಬ್ಬರು ಆ ಕೆಲಸದ ಆರಂಭದಲ್ಲಿ, ಆ ಮಾಹಿತಿಯ ವಿಳಾಸವನ್ನು ಹಿಡಿದಿರುವ ಪಾಯಿಂಟರ್ ನಲ್ (ಖಾಲಿ) ಆಗಿದೆಯೇ ಎಂದು ನೋಡುವ ಎರಡು ಸಾಲುಗಳನ್ನು ಸೇರಿಸಿದ್ದಾರೆ. ಅಂದಿನಿಂದ ಕುಸಿತ ಕಂಡಿಲ್ಲ. ಪರಿಶೀಲಕನಾಗಿ ನಾನು ಈ ಪ್ಯಾಚನ್ನು ಒಪ್ಪಬಹುದೇ?

ಉತ್ತರ: ದಯವಿಟ್ಟು ಒಪ್ಪಬೇಡಿ. ಮೆಮೊರಿಯನ್ನು ಬಿಡುಗಡೆ ಮಾಡಿದ ಮಾತ್ರಕ್ಕೆ ಅದನ್ನು ತೋರಿಸುವ ಪಾಯಿಂಟರ್ ತಾನಾಗಿ ನಲ್ ಆಗುವುದಿಲ್ಲ. ನಲ್ ಮಾಡಿದರೂ, ಪರೀಕ್ಷೆ ಮುಗಿದು ಬಳಕೆ ಆರಂಭವಾಗುವ ನಡುವಿನ ಕ್ಷಣದಲ್ಲಿ ಮತ್ತೊಂದು ಸಿಪಿಯು ಅದನ್ನು ಬಿಡುಗಡೆ ಮಾಡಬಹುದು. ಇದಕ್ಕಿಂತ ಗಂಭೀರವಾದ ಸಂಗತಿಯೆಂದರೆ, ಇಂತಹ ಕೆಲಸದ ರಚನೆಯು ಬಹುತೇಕ ಸೂಪರ್‌ಬ್ಲಾಕ್ ಮಾಹಿತಿಯ ಒಳಗೇ ಇರುತ್ತದೆ. ಹಾಗಿದ್ದಲ್ಲಿ ಆ ಪರೀಕ್ಷೆಯೇ ಬಿಡುಗಡೆಯಾದ ಮೆಮೊರಿಯನ್ನು ಓದುತ್ತದೆ. ಕುಸಿತ ಅಪರೂಪವಾಗಿರಬಹುದು, ದೋಷ ಮಾತ್ರ ಇದ್ದಲ್ಲೇ ಇದೆ.

ಪರಿಶೀಲಿಸಬೇಕಾದದ್ದು ಕ್ರಮವನ್ನು. ಅನ್‌ಮೌಂಟ್ ವೇಳೆ ಕರ್ನಲ್ ಮೊದಲು ಡೆಂಟ್ರಿಗಳನ್ನು (ಫೈಲ್ ಹೆಸರುಗಳ ದಾಖಲೆಗಳು) ಕಳಚುತ್ತದೆ, ಬಾಕಿ ದತ್ತಾಂಶವನ್ನು ಡಿಸ್ಕಿಗೆ ಬರೆಸುತ್ತದೆ, ಐನೋಡ್‌ಗಳನ್ನು (ಒಂದೊಂದು ಫೈಲಿನ ವಿವರಗಳು) ಹೊರಹಾಕುತ್ತದೆ, ಅನಂತರವೇ ಫೈಲ್ ಸಿಸ್ಟಂ ತನ್ನ ಸೂಪರ್‌ಬ್ಲಾಕ್ ಮಾಹಿತಿಯನ್ನು ತೆರವುಗೊಳಿಸುವ 'ಪುಟ್ ಸೂಪರ್' ಕಾರ್ಯವನ್ನು ಕರೆಯುತ್ತದೆ. ನಿಮ್ಮ ಹಿನ್ನೆಲೆ ಕೆಲಸವು ಐನೋಡ್‌ಗಳನ್ನು ಹಿಡಿದಿಟ್ಟುಕೊಳ್ಳುವಂತಹದ್ದಾದರೆ ಅದನ್ನು ಐನೋಡ್‌ಗಳ ತೆರವಿಗೆ ಮೊದಲೇ ನಿಲ್ಲಿಸಬೇಕು. ಇಲ್ಲವಾದರೆ ಅನ್‌ಮೌಂಟ್ ಮುಗಿದರೂ ಐನೋಡ್‌ಗಳು ಬಳಕೆಯಲ್ಲಿವೆ ಎಂಬ ಎಚ್ಚರಿಕೆ ಬರಬಹುದು. ಆದರೆ ಐನೋಡ್ ತೆರವೇ ಆ ಕೆಲಸವನ್ನು ಮತ್ತೆ ಕ್ಯೂಗೆ ಹಾಕುವಂತಿದ್ದರೆ, ಮೊದಲು ನಿಲ್ಲಿಸಿದ್ದು ವ್ಯರ್ಥವಾಗುತ್ತದೆ. ಎರಡೂ ನಿಜವಾಗಿರುವಲ್ಲಿ, ಹೊಸ ಕೆಲಸ ಸೇರದಂತೆ ತಡೆಯುವ ಗುರುತೊಂದನ್ನು ಮೊದಲು ಹಾಕಿ, ಬಳಿಕ ಬಾಕಿ ಕೆಲಸವನ್ನು ರದ್ದುಪಡಿಸಬೇಕಾಗುತ್ತದೆ. ಆ ಗುರುತನ್ನು ನೋಡುವುದೂ ಕ್ಯೂಗೆ ಹಾಕುವುದೂ ಒಂದೇ ಲಾಕಿನಡಿ (ಒಮ್ಮೆಗೆ ಒಬ್ಬರಿಗಷ್ಟೇ ಅವಕಾಶ ಕೊಡುವ ಬೀಗ) ನಡೆಯದಿದ್ದರೆ, ನಲ್ ಪರೀಕ್ಷೆಗೂ ಬಳಕೆಗೂ ನಡುವೆ ಇದ್ದಂತಹ ಸಂದು ಅಲ್ಲಿಯೂ ಉಳಿಯುತ್ತದೆ.

ರದ್ದುಪಡಿಸುವ ಕಾರ್ಯದ ಹೆಸರನ್ನು ಗಮನವಿಟ್ಟು ಓದಿ. ಕೊನೆಯಲ್ಲಿ 'ಸಿಂಕ್' ಇಲ್ಲದ ರೂಪವು, ಆಗಲೇ ಓಡುತ್ತಿರುವ ಕೆಲಸ ಮುಗಿಯುವವರೆಗೆ ಕಾಯುವುದಿಲ್ಲ. ಕಾಯುವ ರೂಪಕ್ಕೂ ಒಂದು ಅಪಾಯವಿದೆ: ಅನ್‌ಮೌಂಟ್ ಮಾಡುವ ಥ್ರೆಡ್ ಈ ಹಂತದಲ್ಲಿ ಸೂಪರ್‌ಬ್ಲಾಕಿನ ಅನ್‌ಮೌಂಟ್ ಲಾಕನ್ನು ಬರಹಕ್ಕಾಗಿ ಹಿಡಿದಿರುತ್ತದೆ, ಹಿನ್ನೆಲೆ ಕೆಲಸವೂ ಅದೇ ಲಾಕಿಗೆ ಕಾದರೆ ಇಬ್ಬರೂ ಪರಸ್ಪರ ಕಾಯುತ್ತಾ ಡೆಡ್‌ಲಾಕ್ ಆಗುತ್ತದೆ. ಕುಸಿತವನ್ನು ಸ್ತಂಭನವಾಗಿ ಬದಲಾಯಿಸುವ ಇಂತಹ ಪ್ಯಾಚ್ ಪರಿಶೀಲಕರ ಕಣ್ಣು ತಪ್ಪಿಸುವುದು ಸುಲಭ.

ಮೌಂಟ್ ಅರ್ಧದಲ್ಲಿ ವಿಫಲವಾಗುವ ದಾರಿಯನ್ನೂ ನೋಡಿ. ರೂಟ್ ಡೆಂಟ್ರಿ (ಮೂಲ ಡೈರೆಕ್ಟರಿಯ ದಾಖಲೆ) ಸಿದ್ಧವಾಗುವ ಮೊದಲೇ ವಿಫಲವಾದರೆ 'ಪುಟ್ ಸೂಪರ್' ಕರೆಯೇ ಬರುವುದಿಲ್ಲ. ಅಷ್ಟರೊಳಗೆ ಕೆಲಸ ಕ್ಯೂ ಸೇರಿದ್ದರೆ ಅದನ್ನು ನಿಲ್ಲಿಸುವವರು ಯಾರು ಎಂದು ಲೇಖಕರನ್ನು ಕೇಳಿ.

'ಕುಸಿತ ಕಂಡಿಲ್ಲ' ಎಂಬುದನ್ನು ನಾನು ಸಾಕ್ಷ್ಯವೆಂದು ಪರಿಗಣಿಸುವುದಿಲ್ಲ. ಹಿನ್ನೆಲೆ ಕೆಲಸದ ಒಳಗೆ ಬೇಕೆಂದೇ ಕೆಲವು ಸೆಕೆಂಡುಗಳ ವಿಳಂಬವನ್ನು ಸೇರಿಸಿ, ಕೇಸನ್ (ಮೆಮೊರಿಯ ತಪ್ಪು ಬಳಕೆಯನ್ನು ಹಿಡಿಯುವ ಸಾಧನ) ಮತ್ತು ಲಾಕ್‌ಡೆಪ್ (ಲಾಕ್‌ಗಳ ತಪ್ಪು ಬಳಕೆಯನ್ನು ಹಿಡಿಯುವ ಸಾಧನ) ಸಕ್ರಿಯವಾಗಿರುವ ಕರ್ನಲ್‌ನಲ್ಲಿ ಮೊದಲು ಪ್ಯಾಚ್ ಇಲ್ಲದೆ ದೋಷವನ್ನು ಮರುಕಳಿಸಿ ತೋರಿಸಲು ಹೇಳಿ. ಅದೇ ವಿಳಂಬವನ್ನು ಉಳಿಸಿಕೊಂಡು ತಿದ್ದಿದ ಪ್ಯಾಚನ್ನು ಹಾಕಿದಾಗ, ಅನ್‌ಮೌಂಟ್ ಅಷ್ಟು ಹೊತ್ತು ಕಾದು ಸದ್ದಿಲ್ಲದೆ ಮುಗಿಯಬೇಕು.