ಸಮುದ್ರದ ರೆಸಾರ್ಟಿನಲ್ಲಿ ಏಳು ಕೋರ್ಸಿನ ಕ್ರಿಸ್‌ಮಸ್ ಡಿನ್ನರ್: ಅಪ್ಪನಿಗೆ ಇನ್ಸುಲಿನ್ ಇದ್ದರೆ ಮೊದಲು ಇದನ್ನ ಓದಿ

ಮಡಿಕೇರಿಯಿಂದ ಕಾಸರಗೋಡಿನ ಬೇಕಲ ಕಡೆಗೆ, ಕ್ರಿಸ್‌ಮಸ್ ರಜೆಗೆ, ಅಪ್ಪ ಅಮ್ಮನಿಗೆ ಹೇಳದೆ ಸರ್‌ಪ್ರೈಸ್ ಆಗಿ ಕರ್ಕೊಂಡು ಹೋಗ್ತೀನಿ ಅಂತ ಬರೆದಿದ್ದೀರಿ. ಬಫೆ ತಗೊಳ್ಳೋದಾ, ಒಂದೊಂದೇ ಬಗೆ ತಂದು ಬಡಿಸೋ ಏಳು ಕೋರ್ಸಿನ ಡಿನ್ನರಾ ಅಂತ ಕೇಳಿದ್ದೀರಿ. ಕೊನೆಯಲ್ಲಿ "ಅಪ್ಪ ಇನ್ಸುಲಿನ್ ತಗೊಳ್ತಾರೆ, ಸ್ವೀಟ್ ಬಿಟ್ರೆ ಸಾಕಲ್ವಾ" ಅಂತ ಒಂದು ಸಾಲು ಸೇರಿಸಿದ್ದೀರಿ. ಆ ಸಾಲು ಓದಿ ನನ್ನ ಎದೆ ಧಸಕ್ ಅಂತು. ತೊಂದರೆ ಇರೋದು ಸ್ವೀಟಿನಲ್ಲಿ ಅಲ್ಲ.

2022ರ ಡಿಸೆಂಬರ್ 24. ನಾನೂ ಹೀಗೇ ಹೊರಟಿದ್ದೆ. ಅಪ್ಪ, ಅಮ್ಮ, ನನ್ನ ಹೆಂಡತಿ, ನಾನು. ಕಣದಲ್ಲಿ ಅರೇಬಿಕ ಕಾಫಿ ಒಣಗ್ತಾ ಇತ್ತು. ಪಕ್ಕದ ಮನೆಯವರಿಗೆ ಸ್ವಲ್ಪ ನೋಡ್ಕೊಳ್ಳಿ ಅಂತ ಹೇಳಿ, ಭಾಗಮಂಡಲ, ಕರಿಕೆ, ಪಾಣತ್ತೂರು ದಾರಿಯಲ್ಲಿ ಇಳಿದೆವು. ಎಲ್ಲಿಗೆ ಅಂತ ಅಪ್ಪನಿಗೆ ಹೇಳಿರಲಿಲ್ಲ.

ಅಪ್ಪ ನಾಪೋಕ್ಲು ಕಡೆಯ ಒಂದು ಎಸ್ಟೇಟಿನಲ್ಲಿ 34 ವರ್ಷ ರೈಟರ್, ಅಂದ್ರೆ ಲೆಕ್ಕ ಬರೆಯೋ ಗುಮಾಸ್ತ, ಆಗಿದ್ದವರು. ನಿಮಗೆ ಗೊತ್ತೇ ಇರುತ್ತೆ, ಬೆಳಿಗ್ಗೆ ಆಳುಗಳು ಬರೋ ಹೊತ್ತಿಗೆ ಚೆಕ್‌ರೋಲ್, ಅಂದ್ರೆ ಅವರ ಹಾಜರಿ ಪುಸ್ತಕ, ಹಿಡಿದು ನಿಂತಿರಬೇಕು. ರಾತ್ರಿ ಏಳೂವರೆಗೆ ಊಟ, ಒಂಬತ್ತಕ್ಕೆ ನಿದ್ದೆ. ರಿಟೈರ್ ಆದ ಮೇಲೂ ಅದು ಐದು ನಿಮಿಷ ಆಚೀಚೆ ಆಗಿಲ್ಲ.

ನಾವು ಚಿಕ್ಕವರಿದ್ದಾಗ ಅಪ್ಪ ಒಂದು ವಿಷಯ ಪದೇಪದೇ ಹೇಳ್ತಿದ್ದರು. ಕ್ರಿಸ್‌ಮಸ್ಸಿಗೆ ದೊರೆ, ಅಂದ್ರೆ ಎಸ್ಟೇಟ್ ಮ್ಯಾನೇಜರ್, ಬಂಗಲೆಗೆ ಬೇರೆ ಎಸ್ಟೇಟುಗಳ ದೊರೆಗಳೆಲ್ಲ ಊಟಕ್ಕೆ ಬರ್ತಿದ್ದರಂತೆ. ಲೆಕ್ಕದ ಪುಸ್ತಕಕ್ಕೆ ಸಹಿ ಹಾಕಿಸೋಕೆ ಹೋದ ಅಪ್ಪ ಹಿಂಬಾಗಿಲಲ್ಲಿ ಕಾಯ್ತಾ ಆ ಮೇಜನ್ನ ನೋಡಿದ್ದರಂತೆ. "ಒಂದೊಂದು ಐಟಮ್ಮಿಗೂ ಒಂದೊಂದು ಚಮಚ ಮಾರಾಯ. ಬಟ್ಲರ್ ಒಂದನ್ನ ತೆಗೀತಾನೆ, ಇನ್ನೊಂದನ್ನ ತರ್ತಾನೆ." ಎಷ್ಟು ಸಲ ಕೇಳಿದ್ದೇನೋ. ಅಂಥ ಮೇಜಿನ ಮುಂದೆ ಅಪ್ಪನನ್ನ ಒಂದು ಸಲ ಕೂರಿಸಬೇಕು ಅಂತ ನನಗೆ ಆಸೆ ಇತ್ತು. ಹಾಗಾಗಿ ತಲೆಗೆ ₹5,500 ಅಂದಾಗಲೂ ಯೋಚನೆ ಮಾಡಲಿಲ್ಲ. ಅದರ ಮೇಲೆ 18% ಜಿಎಸ್‌ಟಿ. ನಾಲ್ಕು ಜನಕ್ಕೆ ₹25,960.

ಈಗ ನಾನು ಮಾಡಿದ ತಪ್ಪು. ಇದನ್ನ ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇದೊಂದು ತಲೆಗೆ ಹೋದರೆ ನಿಮಗೆ ಉಳಿದಿದ್ದೆಲ್ಲ ತಾನಾಗೇ ಗೊತ್ತಾಗುತ್ತೆ.

ಕಾರ್ಡಿನಲ್ಲಿ "ಡಿನ್ನರ್ 7:30" ಅಂತ ಇತ್ತು. ಅಪ್ಪನ ಊಟದ ಹೊತ್ತೇ ಅದು. ಒಳ್ಳೆದಾಯ್ತು ಅಂದ್ಕೊಂಡೆ. ಅಪ್ಪ ಆಗ ತಗೊಳ್ತಿದ್ದಿದ್ದು 30/70 ಮಿಕ್ಸ್ ಇನ್ಸುಲಿನ್. ಊಟಕ್ಕೆ ಅರ್ಧ ಗಂಟೆ ಮುಂಚೆ ಚುಚ್ಚಿಕೊಳ್ಳೋದು. ರೂಮಿನಲ್ಲಿ ಏಳು ಗಂಟೆಗೆ ನಾನೇ ನೆನಪು ಮಾಡಿ ಚುಚ್ಚಿಸಿದೆ. ಆದರೆ ಏಳೂವರೆಗೆ ಅಲ್ಲಿ ಶುರುವಾಗಿದ್ದು ಊಟ ಅಲ್ಲ. ಹುಲ್ಲುಹಾಸಿನ ಮೇಲೆ ನಿಂತ್ಕೊಂಡು ಜ್ಯೂಸು, ವೈನು, ಹಾಡು, ಫೋಟೋ. ಅಪ್ಪ ನೀರು ಸಾಕು ಅಂದರು. ಮೇಜಿಗೆ ಕೂರಿಸಿದಾಗ ಎಂಟೂ ಕಾಲು. ಮೊದಲು ಬಂದಿದ್ದು ಒಂದೇ ತುತ್ತಿನ ಏನೋ ಒಂದು. 8:35ಕ್ಕೆ ಸಣ್ಣ ಬಟ್ಟಲಲ್ಲಿ ಸೂಪು. ಆಮೇಲೆ ಹಸಿ ಸೊಪ್ಪು. ಅಪ್ಪ ಅದನ್ನ ಮುಟ್ಟಲಿಲ್ಲ. ಒಂಬತ್ತೂ ಕಾಲಿಗೆ ಎರಡು ಬೆರಳಗಲದ ಮೀನು.

ಲೆಕ್ಕ ಹಾಕಿ ನೋಡಿ. ಆ ಮಿಕ್ಸಿನಲ್ಲಿ 30 ಭಾಗ ಬೇಗ ಕೆಲಸ ಮಾಡೋದು. ಅರ್ಧ ಗಂಟೆಗೆ ಶುರುವಾಗಿ ಎರಡು ಮೂರು ಗಂಟೆಗೆ ಜೋರಾಗುತ್ತೆ. ಏಳಕ್ಕೆ ಚುಚ್ಚಿದರೆ ಒಂಬತ್ತರಿಂದ ಹತ್ತು ಅದರ ಜೋರಿನ ಹೊತ್ತು. ಅಷ್ಟರೊಳಗೆ ಹೊಟ್ಟೆಯಲ್ಲಿ ಅನ್ನವೋ ರೊಟ್ಟಿಯೋ ಇರಲೇಬೇಕು. ಅಪ್ಪನ ಹೊಟ್ಟೆಯಲ್ಲಿ ಇದ್ದಿದ್ದು ಸೂಪು, ಮೀನು, ನೀರು. ಈ ಥರದ ಊಟದಲ್ಲಿ ಹೊಟ್ಟೆಗೆ ಆಧಾರ ಆಗೋದು ಬರೋದೇ ಮೇನ್ ಕೋರ್ಸಿನಲ್ಲಿ. ನಮ್ಮ ಎಲೆ ಊಟದಲ್ಲೂ ಹದಿನೈದು ಇಪ್ಪತ್ತು ಬಗೆ ಇರುತ್ತೆ, ಆದರೆ ಕೂತ ಸ್ವಲ್ಪ ಹೊತ್ತಿಗೇ ಎಲೆಗೆ ಅನ್ನ ಬಿದ್ದಿರುತ್ತೆ. ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಊಟಕ್ಕೆ ಕರೆದವರ ಮನೆಯಲ್ಲಿ ಅಕ್ಕಿ ಕಡುಬು ಕಡಂಬುಟ್ಟು, ಕರಿ ಎರಡೂ ಒಟ್ಟಿಗೇ ಬರುತ್ತೆ. ಒಂದು ಮುಗಿಸಿ ಇನ್ನೊಂದಕ್ಕೆ ಇಪ್ಪತ್ತು ನಿಮಿಷ ಕಾಯೋ ಊಟ ನಾವ್ಯಾರೂ ಉಂಡವರಲ್ಲ. ಹಾಗಾಗಿ ನನಗೆ ಹೊಳೆಯಲೇ ಇಲ್ಲ. ಊಟ ಎಷ್ಟು ಗಂಟೆಗೆ ಅಂತ ನೋಡಿದೆ. ಅನ್ನದ ತಟ್ಟೆ ಎಷ್ಟು ಗಂಟೆಗೆ ಅಂತ ಕೇಳಲಿಲ್ಲ.

ಇನ್ನೊಂದಿದೆ. ಇವತ್ತಿಗೂ ನೆನೆಸಿಕೊಂಡರೆ ಹೊಟ್ಟೆ ಕಿವುಚುತ್ತೆ. ಸೂಪಿನ ಜೊತೆ ಒಂದು ಸಣ್ಣ ಬುಟ್ಟಿಯಲ್ಲಿ ಬನ್ ಇಟ್ಟಿದ್ದರು. ಬಿಸಿ ಇತ್ತು, ಮೇಲೆ ಎಳ್ಳು. ಅಪ್ಪ ಒಂದನ್ನ ತಗೊಂಡು ಮುರಿದರು. ನಾನು "ಅದರಲ್ಲಿ ಹೊಟ್ಟೆ ತುಂಬಿಸ್ಕೋಬೇಡಿ ಅಪ್ಪ, ಮುಂದೆ ಒಳ್ಳೊಳ್ಳೆದಿದೆ" ಅಂತ ಕೈಯಿಂದ ತಗೊಂಡು ಬುಟ್ಟಿಗೆ ಇಟ್ಟೆ. ಅಪ್ಪ ಏನೂ ಹೇಳಲಿಲ್ಲ. ಬೆರಳಿಗೆ ಅಂಟಿದ್ದ ಎಳ್ಳನ್ನ ಬಾಯಿಗೆ ಹಾಕ್ಕೊಂಡರು.

ಮೀನಿನ ತಟ್ಟೆ ತೆಗೆಯೋ ಹೊತ್ತಿಗೆ ಅಪ್ಪ ಮಾತು ನಿಲ್ಲಿಸಿದ್ದರು. ಸುಸ್ತಾಗಿರಬೇಕು ಅಂದ್ಕೊಂಡೆ. ಚಮಚ ತಟ್ಟೆಯ ಅಂಚಿಗೆ ಟಕಟಕ ಬಡೀತಿತ್ತು. ನನ್ನ ಹೆಂಡತಿ "ಮಾವನ ಶರ್ಟ್ ನೋಡ್ರೀ" ಅಂದಳು. ಅಷ್ಟು ಗಾಳಿಯಲ್ಲೂ ಬೆನ್ನು ಪೂರ್ತಿ ಒದ್ದೆ. ಅಪ್ಪ ನನ್ನ ಕಡೆ ತಿರುಗಿ "ಚೆಕ್‌ರೋಲಿಗೆ ಸೈನ್ ಆಯ್ತಾ?" ಅಂತ ಕೇಳಿದರು. ನನ್ನನ್ನ ಯಾರೋ ಅಂದ್ಕೊಂಡಿದ್ದರು.

ಅಮ್ಮ ಒಬ್ಬರಿಗೇ ತಕ್ಷಣ ಗೊತ್ತಾಗಿದ್ದು. "ಸಕ್ಕರೆ ತಾ" ಅಂತ ಕೂಗಿದರು. ಬಡಿಸ್ತಿದ್ದ ಹುಡುಗ ಓಡಿ ಹೋಗಿ ನಾಲ್ಕು ಸಕ್ಕರೆ ಪೊಟ್ಟಣ ತಂದು, ತಾನೇ ನೀರಿಗೆ ಹಾಕಿ ಕಲಸಿ ಕೊಟ್ಟ. ಅವನನ್ನ ನಾನು ಮರೆಯಲ್ಲ. ಶುಗರ್ ನೋಡೋ ಮಿಷನ್ ರೂಮಿನಲ್ಲಿತ್ತು. ನಾನು ಓಡಿ ತಂದು ನೋಡಿದಾಗ 58. ಸಕ್ಕರೆ ನೀರು ಕುಡಿದ ಮೇಲೂ 58. 70ಕ್ಕಿಂತ ಕೆಳಗೆ ಹೋದರೇ ಅದು ಲೋ ಶುಗರ್. ಮತ್ತೆ ಸಕ್ಕರೆ ಕೊಟ್ಟೆವು. ಹದಿನೈದು ನಿಮಿಷಕ್ಕೆ 81 ಬಂತು. ಮೇನ್ ಕೋರ್ಸ್ ಮೇಜಿಗೆ ಬಂದಾಗ ಹತ್ತು ಗಂಟೆ. ಅಪ್ಪನಿಗೆ ಅಲ್ಲಿ ಕೂರೋಕೆ ಮನಸ್ಸಿರಲಿಲ್ಲ. ಅಡುಗೆಮನೆಯವರು ಅನ್ನ, ಮೊಸರು ರೂಮಿಗೆ ಕಳಿಸಿದರು. ಉಳಿದ 70 ಭಾಗ ರಾತ್ರಿಯಿಡೀ ಕೆಲಸ ಮಾಡ್ತಾ ಇರುತ್ತಲ್ಲ, ಹಾಗಾಗಿ ಒಂದು ಗಂಟೆಗೆ, ನಾಲ್ಕು ಗಂಟೆಗೆ ಎಬ್ಬಿಸಿ ಬೆರಳು ಚುಚ್ಚಿ ನೋಡಿದೆವು. ಬೆಳಿಗ್ಗೆ ಅಪ್ಪ ಹೇಳಿದ್ದು ಒಂದೇ ಮಾತು: "ಮನೆಗೆ ಹೋಗುವ." ಇನ್ನೊಂದು ದಿನದ ರೂಮ್ ಬುಕ್ ಆಗಿತ್ತು. ಬಿಟ್ಟು ಬಂದೆವು. ದುಡ್ಡು ಹೋಗಿದ್ದಕ್ಕೆ ಬೇಜಾರಿಲ್ಲ. ಆಮೇಲೆ ಸುಮಾರು ಹತ್ತು ತಿಂಗಳು ಅಪ್ಪ ಒಂದು ಮದುವೆ ಊಟಕ್ಕೂ ಬರಲಿಲ್ಲ. ನಾನು ಕೂರಿಸಬೇಕು ಅಂದ್ಕೊಂಡಿದ್ದ ಮೇಜಿನಲ್ಲೇ ಅಪ್ಪನಿಗೆ ಹೆದರಿಕೆ ಹತ್ತಿತು.

ಈಗ ನಿಮ್ಮ ವಿಷಯ. ಮೊದಲು ಆ ಸರ್‌ಪ್ರೈಸ್ ಬಿಡಿ. ಇನ್ಸುಲಿನ್ ಮೇಲಿರೋರಿಗೆ ಸರ್‌ಪ್ರೈಸ್ ಒಳ್ಳೆದಲ್ಲ. ಎಲ್ಲಿಗೆ, ಎಷ್ಟು ಹೊತ್ತಿಗೆ, ಏನು ಊಟ ಅಂತ ಅಪ್ಪನ ಹತ್ರ ಕೂತು ಮಾತಾಡಿ. ಹೋಗೋ ಮುಂಚೆ ಡಾಕ್ಟರನ್ನ ಕೇಳಿ, ಊಟ ತಡ ಆದರೆ ಯಾವಾಗ ಚುಚ್ಚಬೇಕು ಅಂತ. ತಟ್ಟೆ ಮುಂದೆ ಬಂದ ಮೇಲೆ ತಗೊಳ್ಳೋ ಇನ್ಸುಲಿನ್ನೂ ಇದೆ. ನಮ್ಮ ಡಾಕ್ಟರ್ ಆಮೇಲೆ ಅಪ್ಪನಿಗೆ ಅದನ್ನೇ ಬರೆದರು. ಎಲ್ಲರಿಗೂ ಅದೇ ಅಲ್ಲ, ಸುಮ್ನೆ ನನ್ನ ಮಾತು ಕೇಳಿ ಬದಲಾಯಿಸಬೇಡಿ. ಮಿಷನ್ ಮತ್ತು ಗ್ಲೂಕೋಸ್ ಪುಡಿ ಜೇಬಿನಲ್ಲಿರಲಿ, ರೂಮಿನಲ್ಲಿ ಅಲ್ಲ. ಬೆವರು, ನಡುಕ, ಮಾತು ತಪ್ಪೋದು ಕಂಡರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕೊಡಿ. ಹದಿನೈದು ನಿಮಿಷ ಬಿಟ್ಟು ನೋಡಿ, ಏರದಿದ್ದರೆ ಮತ್ತೆ ಕೊಡಿ. ಎಚ್ಚರ ತಪ್ಪಿದ್ದರೆ ಮಾತ್ರ ಬಾಯಿಗೆ ಏನೂ ಹಾಕಬೇಡಿ, ನೇರ ಆಸ್ಪತ್ರೆ.

ಇನ್ನು ಬಫೆನಾ, ಕೋರ್ಸಾ? ನನ್ನ ಪ್ರಕಾರ ಎರಡೂ ಬೇಡ. ಮಧ್ಯಾಹ್ನದ ಊಟಕ್ಕೆ ಕರ್ಕೊಂಡು ಹೋಗಿ. ಡಿಸೆಂಬರಿನಲ್ಲಿ ಆ ಕಡೆ 6:10ರ ಸುಮಾರಿಗೆ ಸೂರ್ಯ ಮುಳುಗಿರುತ್ತೆ. ಎಂಟು ಗಂಟೆಗೆ ಕೂತರೆ ಸಮುದ್ರದ ಸದ್ದು ಮಾತ್ರ, ಕಾಣೋದು ಕತ್ತಲೆ. ಅಷ್ಟು ದುಡ್ಡು ಕೊಟ್ಟು ವಯಸ್ಸಾದವರನ್ನ ಕತ್ತಲೆಯಲ್ಲಿ ಕಾಯಿಸೋದು ಯಾಕೆ? 24 ಮತ್ತು 31ರ ರಾತ್ರಿ ಎಷ್ಟೋ ರೆಸಾರ್ಟುಗಳಲ್ಲಿ ಡಿನ್ನರ್ ಕಡ್ಡಾಯ, ರೂಮ್ ಬಿಲ್ಲಿಗೇ ಸೇರಿಸಿರ್ತಾರೆ. ಆ ಎರಡು ದಿನ ಬಿಟ್ಟು ಹೋಗಿ. ಈಗಾಗಲೇ ಬುಕ್ ಆಗಿದ್ದರೆ ಎರಡು ದಿನ ಮುಂಚೆ ಫೋನ್ ಮಾಡಿ ನೇರವಾಗಿ ಅಡುಗೆಮನೆಯವರ ಹತ್ರ ಮಾತಾಡಿ. "ಸೂಪಿನ ಜೊತೆಗೇ ಅಪ್ಪನಿಗೆ ಅನ್ನ ಬೇಕು" ಅಂತ ಹೇಳಿ. ಕೊಡ್ತಾರೆ. ಕೇಳೋಕೆ ಸಂಕೋಚ ಪಡಬೇಡಿ.

2023ರ ಡಿಸೆಂಬರ್ 27ಕ್ಕೆ ನಾವು ಮತ್ತೆ ಹೋದೆವು, ಬೇರೆ ಜಾಗಕ್ಕೆ. ಅಪ್ಪನನ್ನ ಒಪ್ಪಿಸೋಕೆ ಮೂರು ವಾರ ಬೇಕಾಯ್ತು. ಬೆಳಿಗ್ಗೆ ಬೇಕಲ ಕೋಟೆ ನೋಡಿದೆವು. ಕೆಳದಿ ನಾಯಕರು ಕಟ್ಟಿಸಿದ್ದು ಅಂತ ಅಪ್ಪ ಅಮ್ಮನಿಗೆ ವಿವರಿಸ್ತಾ ನಡೆದರು. ಹನ್ನೆರಡೂವರೆಗೆ ಊಟಕ್ಕೆ ಕೂತೆವು. ಎದುರಿಗೇ ಸಮುದ್ರ, ಕಣ್ಣು ಕುಕ್ಕೋ ಬಿಸಿಲು. ನಾನು ಮೊದಲೇ ಹೇಳಿಟ್ಟಿದ್ದಕ್ಕೆ ತಟ್ಟೆಯ ಎರಡೂ ಕಡೆ ಚಮಚ, ಫೋರ್ಕು ಎಲ್ಲ ಸಾಲಾಗಿ ಇಟ್ಟಿದ್ದರು. ಅಪ್ಪ ಬೆರಳಿಟ್ಟು ಎಣಿಸಿದರು. ಆಮೇಲೆ ಬುಟ್ಟಿಯಿಂದ ಒಂದು ಬನ್ ತಗೊಂಡು, ನನ್ನ ಮುಖ ಒಂದು ಸಲ ನೋಡಿ, ಎರಡು ಭಾಗ ಮಾಡಿ ಬೆಣ್ಣೆ ಹಚ್ಚಿದರು. ನಾನು ಬುಟ್ಟಿಯನ್ನ ಅವರ ಹತ್ತಿರಕ್ಕೆ ಸರಿಸಿದೆ.